ಕುದುರೆಮುಖಕ್ಕೆ ಯಾವ ಮಳೆ ಕಳೆದ ಮೇಲೆ ಹೋಗಬೇಕು?

ಕುದುರೆಮುಖಕ್ಕೆ ಹೋಗಲು ಒಳ್ಳೆಯ ಕಾಲ ಯಾವುದೆಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಅಕ್ಟೋಬರ್‌ನಿಂದ ಫೆಬ್ರವರಿ. ಹೋಂಸ್ಟೇಯವರೂ ಇದನ್ನೇ ಹೇಳುತ್ತಾರೆ, ಪ್ರವಾಸ ಏರ್ಪಡಿಸುವವರೂ ಇದನ್ನೇ ಹೇಳುತ್ತಾರೆ. ಉತ್ತರ ತಪ್ಪಲ್ಲ. ಆದರೆ ರಜೆ ಹಾಕಿ, ಮಕ್ಕಳನ್ನು ಕರೆದುಕೊಂಡು, ದೂರದ ಊರಿಂದ ಹೊರಡುವವರಿಗೆ ಅದು ಸಾಲದು. ಆ ಐದು ತಿಂಗಳಲ್ಲಿ ಅದೇ ಗುಡ್ಡ ಮೊದಲು ಹಸಿರಾಗಿರುತ್ತದೆ, ಆಮೇಲೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಕಡ್ಡಿ ಗೀರಿದರೆ ಹತ್ತಿಕೊಳ್ಳುವಷ್ಟು ಒಣಗಿ ನಿಲ್ಲುತ್ತದೆ. ಅಕ್ಟೋಬರ್ ಮೊದಲ ವಾರ ಮೊಣಕಾಲು ಮುಳುಗುವ ಹಳ್ಳದಲ್ಲಿ ಫೆಬ್ರವರಿ ಕೊನೆಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಚಪ್ಪಲಿ ನೆನೆಯದಂತೆ ದಾಟಬಹುದು.

ಮಲೆನಾಡಿನ ರೈತರ ಬಳಿ ಇದಕ್ಕಿಂತ ನಿಖರವಾದ ಲೆಕ್ಕವಿದೆ. ಜೂನ್ 8ರ ಸುಮಾರಿಗೆ ಹುಟ್ಟುವ ಮೃಗಶಿರಾದಿಂದ ಹಿಡಿದರೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ ಎಂದು ನವೆಂಬರ್ ನಡುವಿನ ತನಕ ಸಾಗುವ ಮಳೆ ನಕ್ಷತ್ರಗಳು. ಒಂದೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನ. ಕಳಸ, ಸಂಸೆ, ಕೆರೆಕಟ್ಟೆ, ಶೃಂಗೇರಿ ಕಡೆ ಗದ್ದೆ ನಾಟಿಯ ಮಾತಾಗಲಿ, ಅಡಿಕೆಗೆ ಔಷಧಿ ಹೊಡೆಯುವ ಮಾತಾಗಲಿ ಈ ಲೆಕ್ಕದಲ್ಲೇ ನಡೆಯುತ್ತದೆ. ಪ್ರವಾಸಿಗೂ ಇದೇ ಹೆಚ್ಚು ಉಪಯೋಗದ ಪಂಚಾಂಗ. ಈ ಬೆಟ್ಟದಲ್ಲಿ ಏನು ಕಾಣುತ್ತದೆ, ಯಾವ ದಾರಿ ತೆರೆದಿರುತ್ತದೆ, ಯಾವ ಹಳ್ಳ ದಾಟಲು ಬಿಡುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಮಳೆ.

ಮಳೆ ಕಟ್ಟಿದ ಬೆಟ್ಟ

ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಸೇರುವಲ್ಲಿ ಸುಮಾರು 600 ಚದರ ಕಿಲೋಮೀಟರ್ ಹಬ್ಬಿದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಶಿಖರದ ಎತ್ತರ 1,894 ಮೀಟರ್. ಪಶ್ಚಿಮಕ್ಕೆ ಬೆಟ್ಟ ಕಡಿದಾಗಿ ಕರಾವಳಿಗೆ ಇಳಿಯುತ್ತದೆ, ಪೂರ್ವಕ್ಕೆ ಅಲೆಅಲೆಯಾಗಿ ಕಾಫಿ, ಅಡಿಕೆ ತೋಟಗಳ ಕಡೆ ತಗ್ಗುತ್ತದೆ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಎದುರಾಗುವ ಮೊದಲ ದೊಡ್ಡ ತಡೆ ಇದೇ. ಗಾಳಿ ಮೇಲೇರಬೇಕು, ಏರಿದಂತೆ ತಣ್ಣಗಾಗಬೇಕು, ತಣ್ಣಗಾದಂತೆ ಹೊತ್ತ ನೀರನ್ನು ಇಳಿಸಬೇಕು. ಹೀಗಾಗಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆ ಇಲ್ಲಿ ಪುಷ್ಯ ಮಳೆ ಜೋರಾಗಿ ಹಿಡಿದರೆ ಕೆಲವು ದಿನಗಳಲ್ಲೇ ಬಿದ್ದು ಹೋಗುತ್ತದೆ.

ಇಷ್ಟು ನೀರನ್ನು ಹಿಡಿದಿಡುವುದು ಹುಲ್ಲುಗಾವಲು ಮತ್ತು ಶೋಲಾ ಕಾಡು. ಗಾಳಿಗೆ ಒಡ್ಡಿಕೊಂಡ ನೆತ್ತಿ, ಇಳಿಜಾರುಗಳಲ್ಲೆಲ್ಲ ಹುಲ್ಲು. ಎರಡು ಗುಡ್ಡ ಕೂಡುವ ಮಡಿಲುಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಶೋಲಾ ಬೇಸಿಗೆಯವರೆಗೂ ಸಣ್ಣದಾಗಿ ಬಿಡುತ್ತಾ ಹೋಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಕಾಡಿನೊಳಗಿದೆ. ಮೊದಲೆರಡು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ತುಂಗಭದ್ರೆಯಾಗುತ್ತವೆ, ನೇತ್ರಾವತಿ ಪಶ್ಚಿಮಕ್ಕೆ ಮಂಗಳೂರಿನ ಕಡಲು ಸೇರುತ್ತಾಳೆ. ಇಷ್ಟು ಮಳೆ ಸುರಿಯುವ ಜಾಗದಲ್ಲಿ ಗುಡ್ಡ ಅಗೆದರೆ ಮಣ್ಣೆಲ್ಲ ಭದ್ರೆಗೆ ಸೇರುತ್ತದೆ ಎಂಬುದು ಇಲ್ಲಿನ ಕಬ್ಬಿಣದ ಅದಿರು ಗಣಿಯ ವಿರುದ್ಧ ನಡೆದ ಹೋರಾಟದ ಮುಖ್ಯ ವಾದಗಳಲ್ಲಿ ಒಂದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳಿಗೆ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಾಗ ಕುದುರೆಮುಖವೂ ಆ ಪಟ್ಟಿಯಲ್ಲಿತ್ತು. ಈಗ ನಾವು ನೋಡಲು ಹೋಗುವ ಹಸಿರಿನ ಹಿಂದೆ ಈ ಕತೆಯಿದೆ ಎಂಬುದು ನೆನಪಿನಲ್ಲಿರಲಿ.

ಆರಿದ್ರೆಯಿಂದ ಮಘೆವರೆಗೆ: ಬೆಟ್ಟ ಹತ್ತುವ ಕಾಲವಲ್ಲ

ಮುಂಗಾರು ಜೂನ್ ಮೊದಲ ವಾರ ಕರಾವಳಿ ಮುಟ್ಟುತ್ತದೆ. ಮೃಗಶಿರಾದಲ್ಲಿ ಒಣಗಿದ ಹುಲ್ಲಿನ ಬುಡದಿಂದ ಹೊಸ ಚಿಗುರು ಏಳುತ್ತದೆ, ಆರಿದ್ರೆ ಮುಗಿಯುವ ಹೊತ್ತಿಗೆ ಇಡೀ ಗುಡ್ಡ ಹಸಿರು. ಈ ಹಸಿರಿನ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದೇ ಜುಲೈಯಲ್ಲಿ, ಜನ ಹೊರಡುವುದೂ ಆಗಲೇ. ನನ್ನ ಖಚಿತ ಸಲಹೆ: ಜುಲೈಯಲ್ಲಿ ಶಿಖರದ ಆಸೆ ಬಿಡಿ.

ಕಾರಣಗಳು ಹಲವು. ಚಾರಣ ಶುರುವಾಗುವ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಇಪ್ಪತ್ತು ಕಿಲೋಮೀಟರಿಗೂ ಮೇಲೆ. ದಾರಿಯಲ್ಲಿ ಹಳ್ಳಗಳನ್ನು ದಾಟಬೇಕು. ಬೆಳಿಗ್ಗೆ ಪಾದ ತೋಯಿಸಿಕೊಂಡು ದಾಟಿದ ಹಳ್ಳ ಮೇಲೆ ಸುರಿದ ಒಂದು ಜಡಿಮಳೆಗೆ ಮಧ್ಯಾಹ್ನದೊಳಗೆ ಸೊಂಟಕ್ಕೆ ಬರುತ್ತದೆ, ವಾಪಸು ಬರುವ ದಾರಿ ಮುಚ್ಚುತ್ತದೆ. ದಾರಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟಿ ಬಯಲು ಏರಿಗೆ ಬಂದ ಮೇಲೆ ಗಾಳಿಗೆ ಮರೆಯೇ ಇಲ್ಲ. ಉಷ್ಣಾಂಶ ಹದಿನೇಳೋ ಹದಿನೆಂಟೋ ಡಿಗ್ರಿ ಇದ್ದರೂ ಪೂರ್ತಿ ತೊಯ್ದ ಬಟ್ಟೆಯಲ್ಲಿ ಆ ಗಾಳಿಗೆ ಗಂಟೆಗಟ್ಟಲೆ ಮೈಯೊಡ್ಡಿದರೆ ದೇಹದ ಕಾವು ಇಳಿಯುತ್ತದೆ. ಹಲ್ಲು ಕಟಕಟಿಸುವುದು ಮೊದಲ ಎಚ್ಚರಿಕೆ. ಮಾತು ತೊದಲತೊಡಗಿದರೆ ತಡಮಾಡದೆ ಕೆಳಗಿಳಿಯಬೇಕು. ಇಷ್ಟೆಲ್ಲ ಪಟ್ಟು ತುದಿ ಮುಟ್ಟಿದರೆ ಕಾಣುವುದು ಹತ್ತಡಿ ದೂರದ ಮಂಜು. ಮಳೆ ವಿಪರೀತವಾದಾಗ ಅರಣ್ಯ ಇಲಾಖೆಯೇ ಚಾರಣ ನಿಲ್ಲಿಸುತ್ತದೆ. ಆಗ ಗೇಟಿನಲ್ಲಿ ನಿಂತು ವಾದಿಸುವವರನ್ನು ಕಂಡರೆ ಬೇಸರವಾಗುತ್ತದೆ. ಹಳ್ಳದಲ್ಲಿ ಸಿಕ್ಕಿಕೊಂಡವರನ್ನು ಹುಡುಕಿಕೊಂಡು ಅದೇ ಮಳೆಯಲ್ಲಿ ರಾತ್ರಿ ಕಾಡು ಹೊಗುವವರು ಆ ಗೇಟಿನಲ್ಲಿ ನಿಂತ ಕಾವಲುಗಾರರು ಮತ್ತು ಅಕ್ಕಪಕ್ಕದ ಹಳ್ಳಿಯ ಹುಡುಗರು.

ಹಾಗೆಂದು ಮಳೆಗಾಲದಲ್ಲಿ ಈ ಕಡೆ ತಲೆ ಹಾಕಲೇಬಾರದು ಎಂದಲ್ಲ. ಮಳೆ ನೋಡಲಿಕ್ಕೇ ಬನ್ನಿ. ತುಳುನಾಡಿನವರ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕಾರ್ಕಳದಿಂದ ಬಜಗೋಳಿ, ಮಾಳ ಹಾದು ಘಟ್ಟ ಹತ್ತುವ ರಸ್ತೆಯೇ ಒಂದು ಅನುಭವ. ಬಂಡೆಗಳ ಮೇಲೆಲ್ಲ ಹೆಸರಿಲ್ಲದ ಝರಿಗಳು. ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ, ಅದನ್ನು ನೋಡಲು ಹತ್ತಬೇಕಿಲ್ಲ, ಇಳಿಯಬೇಕಿಲ್ಲ. ಹನುಮನಗುಂಡಿಗೆ ಮೆಟ್ಟಿಲಿಳಿದು ಹೋಗಬೇಕು. ಮಳೆಗಾಲದಲ್ಲಿ ಅಲ್ಲಿ ದೂರದಿಂದ ನೋಡುವುದಷ್ಟೇ, ನೀರಿಗೆ ಇಳಿಯುವ ಯೋಚನೆ ಬೇಡ. ಸಿಳ್ಳಾರ ಹಕ್ಕಿ ಹಾಡುವುದೂ ಈ ಕಾಲದಲ್ಲೇ, ಅದಕ್ಕಿದು ಗೂಡು ಕಟ್ಟುವ ಸಮಯ. ನಸುಕಿನಲ್ಲಿ ಹಳ್ಳದ ಬದಿ ನಿಂತರೆ ನೀರಿನ ಸದ್ದನ್ನು ಸೀಳಿಕೊಂಡು ಥೇಟ್ ಮನುಷ್ಯರದೇ ಎನಿಸುವ ಶಿಳ್ಳೆ ಕೇಳುತ್ತದೆ. ಕತ್ತಲಾದ ಮೇಲೆ ಕಪ್ಪೆಗಳ ಕೂಗು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲದವು. ಹೋಂಸ್ಟೇಯ ಜಗುಲಿಯಲ್ಲಿ ಕುಳಿತೇ ಹತ್ತಾರು ಬಗೆಯ ಕೂಗು ಕೇಳಿಸಿಕೊಳ್ಳಬಹುದು.

ಮಳೆಗಾಲದ ಪ್ರವಾಸಿಗೆ ರಸ್ತೆಯ ಸುದ್ದಿ ಗೊತ್ತಿರಬೇಕು. ಭದ್ರೆ ಉಕ್ಕಿದರೆ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಇದು ಹೆಚ್ಚುಕಡಿಮೆ ಪ್ರತಿ ಮಳೆಗಾಲದ ಸುದ್ದಿ. ಆಗ ಹೊರನಾಡಿಗೆ ಬಳಸುದಾರಿಯೇ ಗತಿ. ಚಾರ್ಮಾಡಿ ಘಾಟಿ 2019ರ ಆಗಸ್ಟಿನಲ್ಲಿ ಕುಸಿದ ಮೇಲೆ ತಿಂಗಳುಗಟ್ಟಲೆ ಮುಚ್ಚಿತ್ತು. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಯಾವುದಕ್ಕೆ ರೆಡ್ ಅಲರ್ಟ್ ಇದ್ದರೂ ಪ್ರವಾಸ ಮುಂದಕ್ಕೆ ಹಾಕಿ.

ಇಂಬಳದ ಬಗ್ಗೆ ಎರಡು ಮಾತು. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಅವು ಎಲ್ಲ ಕಡೆ ಇರುತ್ತವೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ ಅದು ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ನೋಡಿ ಗಾಬರಿಯಾಗಬೇಡಿ, ಅಪಾಯವಿಲ್ಲ. ಸುಣ್ಣ, ಹೊಗೆಸೊಪ್ಪು, ಉಪ್ಪು ಯಾವುದನ್ನು ತಾಗಿಸಿದರೂ ಬಿಡುತ್ತದೆ. ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ ಹಾಕಿಕೊಂಡು ಪ್ಯಾಂಟನ್ನು ಅದರೊಳಗೆ ಸೇರಿಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ಉತ್ತರೆ, ಹಸ್ತ, ಚಿತ್ತೆ, ಸ್ವಾತಿ

ಸೆಪ್ಟೆಂಬರ್ 13ರ ಹೊತ್ತಿಗೆ ಉತ್ತರೆ ಮಳೆ ಹುಟ್ಟುತ್ತದೆ. ಅಲ್ಲಿಂದ ನವೆಂಬರ್ ಮೊದಲ ವಾರ ಸ್ವಾತಿ ಮುಗಿಯುವ ತನಕದ ಏಳೆಂಟು ವಾರಗಳೇ ಕುದುರೆಮುಖದ ಅತ್ಯುತ್ತಮ ಕಾಲ ಎಂಬುದು ನನ್ನ ತೀರ್ಮಾನ. ಮಳೆ ಅಷ್ಟರಲ್ಲಿ ಹಟ ಬಿಟ್ಟಿರುತ್ತದೆ. ದಿನವಿಡೀ ಸುರಿಯುವ ಜಡಿ ಹೋಗಿ, ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಒಂದು ಮಳೆ ಎಂಬ ಕ್ರಮಕ್ಕೆ ಬರುತ್ತದೆ. ನಾಲ್ಕು ತಿಂಗಳ ಮಳೆ ತೊಳೆದ ಗಾಳಿಯಲ್ಲಿ ಧೂಳಿನ ಕಣವಿಲ್ಲ. ಮೋಡ ಸರಿದಾಗ ಶಿಖರದಿಂದ ಪಶ್ಚಿಮಕ್ಕೆ ಕರಾವಳಿಯ ಬಯಲು, ಅದರಾಚೆ ಕಡಲಿನ ಅಂಚು ಕಾಣುತ್ತದೆ. ಚಳಿಗಾಲದಲ್ಲಿ ಆಕಾಶ ಇನ್ನಷ್ಟು ಶುಭ್ರವಿರುತ್ತದೆ, ಆದರೆ ಡಿಸೆಂಬರ್ ದಾಟಿದಂತೆ ತಗ್ಗಿನಲ್ಲಿ ಮಬ್ಬು ಕಟ್ಟುತ್ತದೆ. ಕಡಲು ಕಾಣುವ ದಿನಗಳು ಕಡಿಮೆಯಾಗುತ್ತವೆ.

ಈ ಹೊತ್ತಿನಲ್ಲಿ ಗುಡ್ಡ ನೋಡುವವರು ಕಣ್ಣನ್ನು ದೂರಕ್ಕೆ ಮಾತ್ರ ನೆಟ್ಟರೆ ಬಹಳ ಕಳೆದುಕೊಳ್ಳುತ್ತಾರೆ. ಕಾಲಬುಡದಲ್ಲೇ ಇದೆ ಹೂವಿನ ಹಬ್ಬ. ತೆಳುಮಣ್ಣಿನ ಬಂಡೆಗಳ ಮೇಲೆ ನೀರು ಜಿನುಗುವಲ್ಲೆಲ್ಲ ಉಗುರಿನಷ್ಟು ಚಿಕ್ಕ ನೀಲಿ, ನೇರಳೆ ಹೂಗಳು. ಅವುಗಳಲ್ಲಿ ಯುಟ್ರಿಕ್ಯುಲೇರಿಯಾ ಕುಲದವು ಬೇರಿನಂಥ ಎಳೆಗಳ ಮೇಲಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ಗಿಡಗಳು. ಪಕ್ಕದಲ್ಲೇ ಅಂಟು ಹನಿ ಹೊತ್ತ ಕೆಂಪು ಎಲೆಗಳ ಡ್ರೊಸೆರಾ, ಅದೂ ಕೀಟಾಹಾರಿ. ಮಳೆ ತೊಳೆದ ಬಂಡೆಯಲ್ಲಿ ಸಾರಜನಕ ಸಿಗದ್ದರಿಂದ ಈ ಗಿಡಗಳು ಕೀಟಗಳಿಂದ ಅದನ್ನು ಪಡೆಯುತ್ತವೆ. ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆಗಳು ಮುಂಗಾರಿನ ಮೊದಲಲ್ಲೇ ಅರಳಿ ಮುಗಿದಿರುತ್ತವೆ. ಆದರೆ ನೆಲದ ಆರ್ಕಿಡ್‌ಗಳು, ಕಾಡು ಗೌರಿಹೂಗಳು ಸೆಪ್ಟೆಂಬರ್ ಕೊನೆಗೂ ಸಿಗುತ್ತವೆ. ದಯವಿಟ್ಟು ಇವುಗಳ ಮೇಲೆ ಚಾಪೆ ಹಾಸಿ ಊಟಕ್ಕೆ ಕೂರಬೇಡಿ. ಒಂದು ಗುಂಪು ಕುಳಿತೆದ್ದ ಬಂಡೆಯಲ್ಲಿ ಆ ವರ್ಷದ ಬೀಜ ಕಟ್ಟುವುದೇ ಇಲ್ಲ.

ಕುರಿಂಜಿಯ ಮಾತು ಬಂದೇ ಬರುತ್ತದೆ. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. ಅದರ ಬಳಗದ ಇತರ ಗುರಿಗೆ ಗಿಡಗಳಿಗೆ ಬೇರೆ ಬೇರೆ ಆವರ್ತನವಿದೆ. 2022ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಶ್ರೇಣಿ ನೀಲಿಯಾದಾಗ ಮುಳ್ಳಯ್ಯನಗಿರಿಯ ರಸ್ತೆ ವಾಹನಗಳಿಂದ ಕಟ್ಟಿಹೋಗಿತ್ತು. ಕುದುರೆಮುಖಕ್ಕೆ ಕುರಿಂಜಿಯನ್ನೇ ನಂಬಿ ಬರಬೇಡಿ. ಸಿಕ್ಕರೆ ಅದು ಆ ವರ್ಷದ ಕೊಡುಗೆ.

ಹಸ್ತ, ಚಿತ್ತೆಗಳಲ್ಲಿ ಹೊಳೆಗಳು ಇನ್ನೂ ತುಂಬಿರುತ್ತವೆ, ಆದರೆ ಕೆಂಪು ಇಳಿದು ನೀರು ತಿಳಿಯಾಗಿರುತ್ತದೆ. ಜಲಪಾತ ನೋಡಲು ಜುಲೈಗಿಂತ ಇದೇ ಒಳ್ಳೆಯ ಕಾಲ. ಹನುಮನಗುಂಡಿ, ಕಡಾಂಬಿ, ಕಿಗ್ಗದ ಸಿರಿಮನೆ ಎಲ್ಲದರಲ್ಲೂ ನೀರು ಧಾರಾಳ, ಮಂಜಿನ ತೆರೆಯಿಲ್ಲದೆ ಪೂರ್ತಿ ಕಾಣುತ್ತವೆ. ಚಿಟ್ಟೆಗಳ ಕಾಲವೂ ಇದು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಕಪ್ಪು ಹಳದಿಯ ಅಂಗೈಗಿಂತ ದೊಡ್ಡ ಚಿಟ್ಟೆ, ಕಾಡಂಚಿನ ಹೂಗಳ ಮೇಲೆ ಬೆಳಗಿನ ಬಿಸಿಲಿಗೆ ಸಿಗುತ್ತದೆ. ಹೊಳೆಯ ರಭಸ ಇಳಿದು ಬಂಡೆಗಳು ತಲೆಯೆತ್ತುವ ಹೊತ್ತಿಗೆ ನರ್ತಕ ಕಪ್ಪೆಗಳು ಕೂಡುವ ಕಾಲ ಶುರುವಾಗುತ್ತದೆ. ನೀರಿನ ಸದ್ದಿನಲ್ಲಿ ಕೂಗಿದರೆ ಕೇಳಿಸದ್ದರಿಂದ ಗಂಡು ಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ, ಬೆರಳ ನಡುವಿನ ಪೊರೆ ಬಿಡಿಸಿ ತೋರಿಸುತ್ತದೆ. ಹೆಬ್ಬೆರಳ ತುದಿಯಷ್ಟು ಪ್ರಾಣಿ. ಇವುಗಳಲ್ಲಿ ಒಂದು ಜಾತಿಗೆ ಇಲ್ಲೇ ಹತ್ತಿರದ ಕೊಟ್ಟಿಗೆಹಾರದ ಹೆಸರಿದೆ. ತಾಳ್ಮೆಯಿಂದ ಹಳ್ಳದ ಬದಿ ಅರ್ಧ ಗಂಟೆ ಕೂರಬಲ್ಲವರಿಗೆ ಇದಕ್ಕಿಂತ ದೊಡ್ಡ ನೋಟ ಶಿಖರದಲ್ಲೂ ಸಿಗದು.

ಈ ಕಾಲಕ್ಕೊಂದು ಅಪಾಯವಿದೆ: ಸಿಡಿಲು. ಮುಂಗಾರಿನ ನಡುಭಾಗದ ಮಳೆಯಲ್ಲಿ ಗುಡುಗು ಸಿಡಿಲು ಕಡಿಮೆ. ಮುಂಗಾರು ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಮಧ್ಯಾಹ್ನ ಎರಡು, ಮೂರು ಗಂಟೆಯ ಮೇಲೆ ಕಪ್ಪು ಮೋಡ ಎದ್ದು ಗುಡುಗತೊಡಗುತ್ತದೆ. ಮರವಿಲ್ಲದ ಹುಲ್ಲಿನ ಏರಿಯಲ್ಲಿ ನಿಂತ ಮನುಷ್ಯನೇ ಅಲ್ಲಿನ ಅತಿ ಎತ್ತರದ ವಸ್ತು. ಆದ್ದರಿಂದ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಹೊರಟು, ಹನ್ನೆರಡರೊಳಗೆ ತುದಿ ಮುಟ್ಟಿ, ಎರಡರ ಹೊತ್ತಿಗೆ ಬಯಲು ಏರಿಯಿಂದ ಇಳಿದಿರಬೇಕು. ಹನ್ನೆರಡಕ್ಕೂ ಅರ್ಧ ದಾರಿಯಲ್ಲೇ ಇದ್ದರೆ ಅಲ್ಲಿಂದಲೇ ತಿರುಗಿ. ಗುಡುಗು ಕೇಳಿದ ಕೂಡಲೇ ಏರಿ ಬಿಟ್ಟು ತಗ್ಗಿಗೆ ಇಳಿಯಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು, ಗುಂಪು ಚದುರಿ ನಿಲ್ಲಬೇಕು.

ವಿಶಾಖೆ ಕಳೆದ ಮೇಲೆ

ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನದು ನಡೆಯುವವರ ಕಾಲ. ಇಂಬಳ ಮಾಯ, ದಾರಿ ಗಟ್ಟಿ, ಆಕಾಶ ನೀಲಿ. ಬೆಳಗಿನ ಜಾವ ಉಷ್ಣಾಂಶ ಹದಿನೈದು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಕಣಿವೆಯಲ್ಲಿ ಹತ್ತಿಯಂತೆ ಮಂಜು ತುಂಬಿ ಎಂಟು, ಒಂಬತ್ತು ಗಂಟೆಯ ತನಕ ನಿಂತಿರುತ್ತದೆ. ಮೊದಲ ಬಾರಿಗೆ ಬೆಟ್ಟ ಹತ್ತುವವರು, ಐವತ್ತು ದಾಟಿದವರು, ಹತ್ತು ಹನ್ನೆರಡು ವರ್ಷದ ಮಕ್ಕಳಿರುವವರು ಸ್ವಾತಿಯವರೆಗಿನ ಹಸಿರನ್ನು ತ್ಯಾಗ ಮಾಡಿಯಾದರೂ ನವೆಂಬರ್ ಕೊನೆ, ಡಿಸೆಂಬರ್ ಮೊದಲನ್ನೇ ಆರಿಸಿಕೊಳ್ಳಲಿ. ಹುಲ್ಲು ಆಗ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಅದರ ನಡುವೆ ಶೋಲಾದ ಕಡುಹಸಿರು ಎದ್ದು ಕಾಣುತ್ತದೆ. ನನ್ನ ಕಣ್ಣಿಗೆ ಜುಲೈಯ ಏಕಹಸಿರಿಗಿಂತ ಈ ಎರಡು ಬಣ್ಣದ ಗುಡ್ಡವೇ ಚೆಲುವು.

ಹಕ್ಕಿ, ಪ್ರಾಣಿಗಳನ್ನು ಹುಡುಕುವವರಿಗೂ ಇದೇ ಕಾಲ. ಸೆಪ್ಟೆಂಬರಿನಲ್ಲಿ ಬೂದು ಕುಂಡೆಕುಸ್ಕಗಳು ಬರುವುದರೊಂದಿಗೆ ಉತ್ತರದ ವಲಸೆ ಹಕ್ಕಿಗಳ ಆಗಮನ ಶುರು. ಡಿಸೆಂಬರ್ ಹೊತ್ತಿಗೆ ಎಲ್ಲವೂ ನೆಲೆಯಾಗಿರುತ್ತವೆ. ಕುದುರೆಮುಖ ನಾಗರಹೊಳೆ, ಬಂಡೀಪುರಗಳ ಹಾಗೆ ಸಫಾರಿಗೆ ಹೆಸರಾದ ಕಾಡಲ್ಲ. ಹುಲಿ, ಚಿರತೆ, ಸೀಳುನಾಯಿ, ಕಾಟಿ, ಕಡವೆ ಎಲ್ಲ ಇವೆ, ಆದರೆ ದಟ್ಟ ಕಾಡಿನಲ್ಲಿ ಅವು ತಾವಾಗಿ ಕಂಡರೆ ಉಂಟು. ಇಲ್ಲಿನ ನಿಜವಾದ ಒಡೆಯ ಸಿಂಗಳೀಕ. 1980ರ ದಶಕದ ಆರಂಭದಲ್ಲಿ ಕೆ. ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದ್ದೇ 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಲು ದಾರಿ ಮಾಡಿತು. ಬಿಳಿ ಕೇಸರದ ನಡುವೆ ಕರಿಮುಖದ ಈ ಕೋತಿ ನೆಲಕ್ಕಿಳಿಯುವುದು ಅಪರೂಪ. ಮಳೆಯಿಲ್ಲದ ಬೆಳಗುಗಳಲ್ಲಿ ಎತ್ತರದ ಮರಗಳ ತುದಿಯಲ್ಲಿ ಕೊಂಬೆ ಅಲುಗುವುದನ್ನು ಗಮನಿಸಿದರೆ ಕಾಣಬಹುದು. ಕಂಡಾಗ ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ. ತಿಂಡಿಯ ರುಚಿ ಹತ್ತಿದ ಸಿಂಗಳೀಕ ರಸ್ತೆಗಿಳಿಯುತ್ತದೆ, ರಸ್ತೆಗಿಳಿದದ್ದು ವಾಹನಕ್ಕೆ ಸಿಗುತ್ತದೆ.

ಚಳಿಗಾಲದ ಚಾರಣಿಗರು ಮರೆಯುವ ಒಂದು ಮುಖ್ಯ ವಿಷಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತನಕ, ನೆಲ ಒಣಗಿ ಮರಿ ಉಣುಗುಗಳು ತರಗೆಲೆಯಲ್ಲಿ ಹೆಚ್ಚಾಗಿರುವಾಗ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಂಬಳಕ್ಕೆ ಹೆದರಿ ಬೇಸಿಗೆಯವರೆಗೆ ಕಾಯುವವರು ಇದನ್ನು ತಿಳಿದಿರಬೇಕು: ಇಂಬಳ ರಕ್ತ ಕುಡಿದು ಹೋಗುತ್ತದೆ, ಉಣುಗು ರೋಗ ಬಿಟ್ಟು ಹೋಗಬಹುದು. ತರಗೆಲೆಯ ಮೇಲೆ ಕೂರಬೇಡಿ, ತುಂಬುತೋಳಿನ ಬಟ್ಟೆ ಹಾಕಿ. ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಕೊಡುವ, ಉಣುಗು ತಡೆಯುವ ಡೇಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ವಾಪಸಾದ ಎರಡು ವಾರದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ನಗರದ ವೈದ್ಯರಿಗೆ ಈ ಕಾಯಿಲೆ ತಟ್ಟನೆ ಹೊಳೆಯದೆ ಇರಬಹುದು.

ಬೇಸಿಗೆಯನ್ನು ಬೆಟ್ಟಕ್ಕೇ ಬಿಡಿ

ಫೆಬ್ರವರಿಯಿಂದ ಮೇ ತನಕ ಕುದುರೆಮುಖಕ್ಕೆ ಬೆಂಕಿಯ ಭಯ. ಎದೆಮಟ್ಟ ಬೆಳೆದ ಹುಲ್ಲು ಒಣಗಿ ನಿಂತಿರುತ್ತದೆ, ಮಧ್ಯಾಹ್ನದ ಗಾಳಿ ಜೋರು. ಇಂಥ ಕಾಡಿನ ಬೆಂಕಿಗಳಲ್ಲಿ ಹೆಚ್ಚಿನವು ಮನುಷ್ಯರಿಂದಲೇ ಹೊತ್ತಿಕೊಳ್ಳುವಂಥವು. ಹುಲ್ಲೇನೋ ಮಳೆ ಬಂದ ಮೇಲೆ ಬೇರಿನಿಂದ ಮತ್ತೆ ಚಿಗುರುತ್ತದೆ. ಶೋಲಾದ ಅಂಚಿನ ಮರಗಳಿಗೆ ಆ ಶಕ್ತಿಯಿಲ್ಲ, ಪ್ರತಿ ಬೆಂಕಿಗೂ ಕಾಡು ಒಂದಷ್ಟು ಒಳಕ್ಕೆ ಸರಿಯುತ್ತದೆ. ಅರಣ್ಯ ಸಿಬ್ಬಂದಿ ಬೆಂಕಿ ರೇಖೆ ಕಡಿದು, ಕಾವಲು ಕುಳಿತು, ಬೆಂಕಿ ಬಿದ್ದರೆ ಹಸಿ ಸೊಪ್ಪಿನಲ್ಲಿ ಬಡಿದು ಆರಿಸುತ್ತಾರೆ. ಈಚಿನ ವರ್ಷಗಳಲ್ಲಿ ಬೇಸಿಗೆ ಕಾವೇರುತ್ತಿದ್ದಂತೆ ಇಲಾಖೆ ಚಾರಣವನ್ನು ನಿಲ್ಲಿಸುತ್ತಿದೆ, ಅದು ಸರಿಯಾದ ಕ್ರಮ.

ಪ್ರಾಣಿಗಳ ಲೆಕ್ಕದಲ್ಲೂ ಈ ತಿಂಗಳುಗಳು ಸೂಕ್ಷ್ಮ. ಮಂಗಟ್ಟೆ ಹಕ್ಕಿಗಳು ಬೇಸಿಗೆಯ ಮೊದಲಲ್ಲೇ ಗೂಡಿಗೆ ಕೂರುತ್ತವೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ತಂದುಕೊಡುತ್ತದೆ. ಆ ಗಂಡನ್ನು ಬೆದರಿಸಿದರೆ ಒಳಗಿನ ಸಂಸಾರ ಉಪವಾಸ. ಕಾಳಿಂಗ ಸರ್ಪಗಳು ಮಾರ್ಚ್, ಏಪ್ರಿಲಿನಲ್ಲಿ ಕೂಡಿ, ಮಳೆಗೆ ಮುನ್ನ ಹೆಣ್ಣು ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಎಲೆಯ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಇದೊಂದೇ. ಬೇರೆಡೆಯೂ ಹೀಗೆ ಕಾಲ ನೋಡಿ ಬಾಗಿಲು ಹಾಕುತ್ತಾರೆ. ಕೇರಳದ ಎರವಿಕುಲಂ ರಾಷ್ಟ್ರೀಯ ಉದ್ಯಾನವನ್ನು ವರಯಾಡು ಎಂಬ ಬೆಟ್ಟದ ಆಡು ಮರಿ ಹಾಕುವ ಕಾಲವೆಂದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಪ್ರವಾಸಿಗರಿಗೆ ಪೂರ್ತಿ ಮುಚ್ಚುತ್ತಾರೆ. ಉತ್ತರಾಖಂಡದ ಹೂವಿನ ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ ತೆರೆದಿರುತ್ತದೆ, ಅಲ್ಲಿ ಹೂ ನೋಡಬೇಕೆಂದರೆ ಜುಲೈ, ಆಗಸ್ಟಿನ ಮಳೆಯಲ್ಲೇ ಹೋಗಬೇಕು. ಒಂದು ಬೆಟ್ಟದ ಒಳ್ಳೆಯ ಕಾಲ ಇನ್ನೊಂದಕ್ಕೆ ಒಪ್ಪುವುದಿಲ್ಲ.

ಬೇಸಿಗೆ ರಜೆಯಲ್ಲೇ ಬರಬೇಕಾದವರು ಶಿಖರ ಬಿಟ್ಟು ತಪ್ಪಲಿಗೆ ಬನ್ನಿ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದ ಕೆಲವು ದಿನಕ್ಕೆ ಕಳಸ, ಮೂಡಿಗೆರೆ ಸುತ್ತಿನ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳುತ್ತವೆ. ಆ ಪರಿಮಳ ಮಲೆನಾಡಿನ ಬೇಸಿಗೆಯ ದೊಡ್ಡ ಸುಖ.

ದಿನ ಗೊತ್ತುಮಾಡುವಾಗ

ಕಾಲ ಆರಿಸಿದ ಮೇಲೆ ವಾರದ ದಿನವನ್ನೂ ಆರಿಸಬೇಕು. ಚಾರಣಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಪಡೆಯಬೇಕು. 2024ರಿಂದ ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ದಿನಕ್ಕೆ 300 ಜನರ ಮಿತಿಯಿದೆ. ಶನಿವಾರ, ಭಾನುವಾರದ ಟಿಕೆಟ್‌ಗಳು ಬೇಗ ಮುಗಿಯುತ್ತವೆ. ಮಂಗಳವಾರದಿಂದ ಗುರುವಾರದೊಳಗೆ ಬರಲು ಸಾಧ್ಯವಾದರೆ ಅದೇ ಬೆಟ್ಟ ಬೇರೆಯಾಗಿ ಕಾಣುತ್ತದೆ. ನವರಾತ್ರಿಯ ದಿನಗಳಲ್ಲಿ ಶೃಂಗೇರಿ, ಹೊರನಾಡುಗಳಲ್ಲಿ ಕೋಣೆ ಸಿಗುವುದು ಕಷ್ಟ. ದಸರಾ ರಜೆಯಲ್ಲಿ ಬರುವವರು ಸಂಸೆ, ಕಳಸದ ಕಡೆ ಮೊದಲೇ ಕೇಳಿಟ್ಟುಕೊಳ್ಳಿ. ಕಾಡಿನೊಳಗೆ ಉಳಿಯಬೇಕೆಂದರೆ ಭಗವತಿ ಪ್ರಕೃತಿ ಶಿಬಿರವಿದೆ. ಶಿಖರದಲ್ಲಿ ಟೆಂಟು ಹಾಕಿ ರಾತ್ರಿ ಕಳೆಯಲು ಅನುಮತಿಯಿಲ್ಲ, ಹಾಗಾಗಿ ತುದಿಯಲ್ಲಿ ಸೂರ್ಯೋದಯ ನೋಡುವ ಆಸೆ ಇಟ್ಟುಕೊಳ್ಳಬೇಡಿ.

ಎಲ್ಲರೂ ಶಿಖರವನ್ನೇ ಹತ್ತಬೇಕೆಂದಿಲ್ಲ. ಕುರಿಂಜಾಲು, ಗಂಗಡಿಕಲ್ಲು ಚಿಕ್ಕ ಚಾರಣಗಳು, ನೋಟದಲ್ಲಿ ಕಡಿಮೆಯೇನಿಲ್ಲ. ಕಿಗ್ಗದ ಕಡೆಯಿಂದ ನರಸಿಂಹ ಪರ್ವತ ಕಾಡಿನ ದಾರಿ ಇಷ್ಟಪಡುವವರಿಗೆ. ಮಂಡಿ ನೋವಿರುವ ಹಿರಿಯರಿಗೆ ಮಾಳದಿಂದ ಎಸ್.ಕೆ. ಬಾರ್ಡರ್ ಎಂಬಲ್ಲಿಗೆ, ಅಲ್ಲಿಂದ ಕೆರೆಕಟ್ಟೆ ದಾಟಿ ಶೃಂಗೇರಿಗೆ ಹೋಗುವ ರಸ್ತೆ, ಅಥವಾ ಕುದುರೆಮುಖ ಊರು ಹಾದು ಕಳಸಕ್ಕೆ ಹೋಗುವ ರಸ್ತೆಯೇ ಸಾಕು. ಅಕ್ಟೋಬರ್ ಬೆಳಗಿನಲ್ಲಿ ಕಾರಿನ ಕಿಟಕಿಯಿಂದಲೇ ಶೋಲಾ, ಹುಲ್ಲು, ಝರಿ ಎಲ್ಲ ಕಾಣುತ್ತವೆ. ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ, ಪೆಟ್ರೋಲನ್ನು ಕಾರ್ಕಳ, ಕಳಸ ಅಥವಾ ಶೃಂಗೇರಿಯಲ್ಲೇ ತುಂಬಿಸಿಕೊಳ್ಳಿ. ಪ್ಲಾಸ್ಟಿಕ್ ಒಯ್ಯಬೇಡಿ, ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ.

ಒಂದೇ ಸಲ ಬರುವ ಅವಕಾಶವಿದ್ದರೆ ಹಸ್ತ ಮಳೆ ಹುಟ್ಟಿದ ಮೇಲೆ, ಅಂದರೆ ಸೆಪ್ಟೆಂಬರ್ 27ರಿಂದ ಅಕ್ಟೋಬರ್ 23ರೊಳಗೆ, ವಾರದ ನಡುವೆ ಬನ್ನಿ. ಬೆಟ್ಟ ಹತ್ತಿ ಅಭ್ಯಾಸವಿಲ್ಲದವರು ನವೆಂಬರ್ 20ರ ನಂತರ ಬನ್ನಿ. ಗೇಟಿನಲ್ಲಿ ಈ ದಿನ ಬೇಡ ಎಂದರೆ ಅವರ ಮಾತು ಕೇಳಿ, ಕಳಸೇಶ್ವರನಿಗೆ ಕೈಮುಗಿದು, ಹೊರನಾಡಿನಲ್ಲಿ ಊಟ ಮಾಡಿ ಹಿಂದಿರುಗಿ; ಬೆಟ್ಟಕ್ಕೆ ಮುಂದಿನ ವರ್ಷ ಬರಬಹುದು.